ನಾಲ್ಕು ಕೀಲಿನ ಬೆಸುಗೆ

‘ಗೊತ್ತಿಲ್ಲ’ ಎಂಬ ಮಾತನ್ನು ನಮ್ಮ ಭಾವ ಜೀವಮಾನದಲ್ಲಿ ಒಮ್ಮೆಯೂ ಆಡಿದವರಲ್ಲ. ದಾರಿ ಕೇಳಿದವರನ್ನು ಊರಾಚೆಗಾದರೂ ಕಳಿಸಿಯಾರು, ಉತ್ತರವಿಲ್ಲದೆ ಕಳಿಸಲಾರರು. ಇಂಥ ಮನುಷ್ಯನಿಗೆ ಹಳೆಯ ಯಂತ್ರಗಳ ಸಂಗ್ರಹಾಲಯದಲ್ಲಿ ಕಾವಲುಗಾರನ ಕೆಲಸ ಕೊಟ್ಟವರು ಯಾರೆಂದು ನಾನಿನ್ನೂ ಹುಡುಕುತ್ತಿದ್ದೇನೆ. ಸಿಕ್ಕರೆ ನಾಲ್ಕು ಮಾತು ಆಡುವುದಿದೆ.

ಕುರ್ಚಿಯ ಮೇಲೆ ಕೂರುವುದು, ಯಾರಾದರೂ ಏನನ್ನಾದರೂ ಮುಟ್ಟಿದರೆ ಕೆಮ್ಮುವುದು, ಇಷ್ಟೇ ಅವರ ಉದ್ಯೋಗ. ಹನ್ನೊಂದು ವರ್ಷ ಕೆಮ್ಮಿದರೂ ಖಾಯಂ ಆಗಲಿಲ್ಲ. ಬೇಸತ್ತು ಅವರು ಕೆಮ್ಮಿನ ಜೊತೆಗೆ ವಿವರಣೆಯನ್ನೂ ಶುರು ಮಾಡಿದ್ದರು. ಕೇಡು ಹುಟ್ಟಿದ್ದು ಅಲ್ಲಿ.

ದೊಡ್ಡ ಹಜಾರದ ನಡುವೆ ಒಂದು ಯಂತ್ರವಿತ್ತು. ಮೂತಿಯಲ್ಲಿ ವಿಮಾನದ್ದೇ ಫ್ಯಾನು. ನೆತ್ತಿಯ ಮೇಲೊಂದು ಕಂಬ, ಕಂಬದ ತುದಿಗೆ ನಾಲ್ಕು ಉದ್ದನೆಯ ರೆಕ್ಕೆ. ನಾಲ್ಕೂ ಹಗ್ಗಕ್ಕೆ ಹಾಕಿದ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಫಲಕದಲ್ಲಿ ‘ಆಟೋಗೈರೋ’ ಎಂದಷ್ಟೇ ಬರೆದಿತ್ತು. ಹೊಸದಾಗಿ ಬಂದ ನಿರ್ದೇಶಕಿ ಮೇಡಂ ಒಂದು ದಿನ ಅದರ ಮುಂದೆ ನಿಂತರು. ಅವರ ಹಿಂದೆ ಸೂಪರಿಂಟೆಂಡೆಂಟರು. ಮೇಲಿನವರು ಏನೇ ಹೇಳಿದರೂ ‘ಆಗ್ಲಿ’ ಎನ್ನುವ ಇವರನ್ನು ಕಚೇರಿಯಲ್ಲಿ ಎಲ್ಲರೂ ಕರೆಯುವುದೇ ಆಗ್ಲಿ ಸಾಹೇಬರು ಎಂದು.

“ಇದೇನ್ರೀ, ವಿಮಾನನೋ ಹೆಲಿಕಾಪ್ಟರೋ?” ಎಂದರು ಮೇಡಂ.

“ಹೆಲಿಕಾಪ್ಟರೇ ಮೇಡಂ,” ಎಂದರು ಭಾವ. “ಆದ್ರೆ ಎಳೇದು. ಮುಂದಿನ ಫ್ಯಾನ್ ಇದೆಯಲ್ಲ, ಅದು ಹಾಲುಹಲ್ಲು. ಬೆಳೀತಾ ಬೆಳೀತಾ ಬಿದ್ದುಹೋಗುತ್ತೆ.”

ಮೇಡಂ ನಕ್ಕರು. ಅವರು ನಕ್ಕದ್ದನ್ನು ಖಚಿತಪಡಿಸಿಕೊಂಡು ಆಗ್ಲಿ ಸಾಹೇಬರೂ ನಕ್ಕರು.

“ಓಡುತ್ತಾ ಇದು?”

“ಓಡ್ದೆ ಏನು ಮೇಡಂ!”

“ಯಾರು ಓಡಿಸ್ತಾರೆ?”

ಬುದ್ಧಿ ಇರುವ ಪ್ರಾಣಿ ಯಾವುದೇ ಆದರೂ ಇಲ್ಲಿ ನಿಲ್ಲುತ್ತಿತ್ತು. ಪ್ರತಿ ಸೋಮವಾರ ಧೂಳು ಹೊಡೆಯಲು ಭಾವ ಆ ಯಂತ್ರದ ಸೀಟಿನಲ್ಲಿ ಕೂರುತ್ತಿದ್ದುದು ನಿಜ. ಅಷ್ಟೇ ನಿಜ.

“ನಾನೇ ಮೇಡಂ,” ಎಂದುಬಿಟ್ಟರು.

“ಹೌದಾ! ಮುಂದಿನ ತಿಂಗಳು ನಮ್ಮ ಸಂಗ್ರಹಾಲಯಕ್ಕೆ ಐವತ್ತು ವರ್ಷ. ಹಿಂದಿನ ಮೈದಾನದಲ್ಲಿ ಒಂದು ಸುತ್ತು ಓಡಿಸಿ. ಹಾರೋದೇನೂ ಬೇಡ, ನೆಲದ ಮೇಲೇ ಸಾಕು. ನಿಮ್ಮನ್ನ ಖಾಯಂ ಮಾಡೋ ಫೈಲು ಇನ್ನೂ ಅಲೀತಾ ಇದೆಯಂತಲ್ಲ, ಅದಕ್ಕೂ ಅವತ್ತೇ ಸಹಿ ಹಾಕ್ತೀನಿ.”

“ಆಗ್ಲಿ ಮೇಡಂ,” ಎಂದರು ಆಗ್ಲಿ ಸಾಹೇಬರು. ಭಾವನನ್ನು ಯಾರೂ ಕೇಳಲಿಲ್ಲ.

ಮನೆಯಲ್ಲಿ ಸುದ್ದಿ ಕೇಳಿ ಅಕ್ಕ ಕೈಯಲ್ಲಿದ್ದ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು. ಅವಳು ಪಾತ್ರೆ ಎಸೆದರೆ ಭಯವಿಲ್ಲ. ಮೆಲ್ಲಗೆ ಇಟ್ಟರೆ ಭಯ.

“ಸೈಕಲ್ ಇಳೀಬೇಕಾದ್ರೆ ಈಗ್ಲೂ ಗೋಡೆ ಹುಡುಕ್ತೀರಿ. ನೀವು ಹೆಲಿಕಾಪ್ಟರ್ ಓಡಿಸ್ತೀರಾ?”

“ನೆಲದ ಮೇಲೇ ಕಣೇ. ಅದಕ್ಕೆ ಮೂರು ಚಕ್ರ ಇದೆ, ಸೈಕಲ್‌ಗಿಂತ ಒಂದು ಜಾಸ್ತಿ.”

“ಸುಳ್ಳು ಹೇಳ್ದೆ ಅಂತ ಹೋಗಿ ಒಪ್ಕೊಂಡ್ಬಿಡಿ.”

“ಒಪ್ಕೊಂಡ್ರೆ ಖಾಯಂ ಇರ್ಲಿ, ಇರೋ ಕುರ್ಚೀನೂ ಹೋಗುತ್ತೆ,” ಎಂದರು ಭಾವ. ಮನೆಯಲ್ಲಿ ಉಣ್ಣುವ ಬಾಯಿ ಐದು. ಅದಕ್ಕಿಂತ ದೊಡ್ಡ ವಾದ ಇನ್ನೊಂದಿಲ್ಲ.

ಬೀದಿಗೆ ಮಾತ್ರ ಸಂಭ್ರಮವೋ ಸಂಭ್ರಮ. ನೀರಿನ ಪಂಪು ರಿಪೇರಿ ಮಾಡುವವನು ಬಂದು, ಇಂಜಿನ್ ಅಂದಮೇಲೆ ಎಲ್ಲ ಒಂದೇ ಎಂದು ಘೋಷಿಸಿ, ನಾಲ್ಕು ದಿನ ಮೈಯೆಲ್ಲ ಎಣ್ಣೆ ಮಾಡಿಕೊಂಡು ನಿಜಕ್ಕೂ ಅದನ್ನು ಗುಡುಗಿಸಿಬಿಟ್ಟ. ಎದುರುಮನೆಯ ಟೈಲರಣ್ಣ ಸೋಫಾ ಹೊದಿಕೆಯ ಕಪ್ಪು ರೆಕ್ಸಿನ್‌ನಲ್ಲಿ ಭಾವನಿಗೆ ಹಾರಾಟದ ಉಡುಪು ಹೊಲಿದ. ಅಳತೆ ತೆಗೆದದ್ದು ಭಾವ ಉಸಿರು ಬಿಗಿಹಿಡಿದು ನಿಂತಿದ್ದಾಗ. ಹಾಕಿಕೊಂಡರೆ ಕೂರಬಹುದು ಅಥವಾ ಉಸಿರಾಡಬಹುದು, ಎರಡೂ ಒಟ್ಟಿಗೆ ಆಗುತ್ತಿರಲಿಲ್ಲ.

“ಟೈಲರಣ್ಣ, ಕೈ ಮೇಲೇಳ್ತಿಲ್ಲವಲ್ಲ?”

“ಗಾಳೀಲಿ ಹೋಗ್ಬೇಕಾದ್ರೆ ಕೈ ಯಾಕಣ್ಣ ಎತ್ತೋದು? ಯಾರಿಗೆ ಟಾಟಾ ಮಾಡ್ಬೇಕು?”

ಇನ್ನು ನನ್ನ ಪಾಲು. ನಾನು ಗೇಟು, ಕಿಟಕಿ ಸರಳು ಬೆಸೆಯುವವನು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದೆ. ಅಲುಗಾಡುವ ವಸ್ತು ಕಂಡರೆ ನನಗೆ ಮೈ ಉರಿಯುತ್ತದೆ. ಭಾವ ನನ್ನನ್ನು ಹಜಾರಕ್ಕೆ ಕರೆದೊಯ್ದು ಒಂದು ರೆಕ್ಕೆಯ ತುದಿ ಹಿಡಿದು ಎತ್ತಿದರು. ಬುಡದ ಕೀಲಿನಲ್ಲಿ ಅದು ಸಲೀಸಾಗಿ ಮೇಲೆ ಹೋಯಿತು. ಬಿಟ್ಟರೆ ಲಡಕ್ಕನೆ ಕೆಳಗೆ ಬಿತ್ತು. ನಾಲ್ಕೂ ಹಾಗೇ.

“ನೋಡೋ. ಹಲ್ಲು ಅಲುಗಾಡ್ದಂಗೆ ಅಲುಗಾಡ್ತಿವೆ. ಇದರ ಕೆಳಗೆ ನಾನು ಕೂರ್ಬೇಕು.”

ನಾನು ಏಣಿ ಹತ್ತಿ ನೋಡಿದೆ. ಕೀಲಿಗೆ ಒಳ್ಳೆಯ ಉಕ್ಕಿನ ಪಿನ್ನು ಹಾಕಿ, ಗ್ರೀಸು ತುಂಬಿದ್ದರು. ಸವೆದು ಸಡಿಲವಾದದ್ದಲ್ಲ, ಯಾರೋ ಬೇಕೆಂದೇ ಮಾಡಿದ ಹಾಗಿತ್ತು. ಅನುಮಾನ ಬಂತು. ಬಂದಾಗ ಕೇಳಲು ಅಲ್ಲಿದ್ದವರು ಯಾರು? ಭಾವ. ಕೇಳಿದೆ.

“ಭಾವ, ಈ ಕೀಲು ಯಾಕೆ?”

“ಮಡಚಿ ಪೆಟ್ಟಿಗೇಲಿ ಇಡೋಕೆ ಕಣೋ. ಕೊಡೆ ಇದ್ದಂಗೆ.”

ಎಷ್ಟು ಸಲೀಸಾಗಿ ಹೇಳಿದರೆಂದರೆ ನನ್ನ ಅನುಮಾನಕ್ಕೇ ನಾಚಿಕೆಯಾಯಿತು. ಎರಡು ದಿನ ಕೂತು, ಗ್ರೀಸು ಒರೆಸಿ, ಉಜ್ಜಿ, ನಾಲ್ಕು ಕೀಲನ್ನೂ ಸುತ್ತಲೂ ಬೆಸೆದೆ. ನನ್ನ ಜನ್ಮದಲ್ಲಿ ಅಂಥ ಬೆಸುಗೆ ಹಾಕಿಲ್ಲ. ಮೀನಿನ ಮೈಯ ಹುರುಪೆಯ ಹಾಗೆ ಒಂದರ ಮೇಲೊಂದು ಸಾಲಾಗಿ ಕೂತಿತ್ತು. ರೆಕ್ಕೆಗಳು ಮೇಜಿನ ಹಲಗೆಯಂತೆ ನೆಟ್ಟಗೆ ನಿಂತವು. ನಾನು ಒಂದಕ್ಕೆ ಜೋತುಬಿದ್ದು ತೋರಿಸಿದೆ. ಆಗ್ಲಿ ಸಾಹೇಬರು ಬಂದು ನೋಡಿ, “ಈಗ ನೋಡೋಕೆ ಒಂದು ಶಿಸ್ತು ಬಂತು,” ಎಂದರು.

ಆ ದಿನ ಬಂತು. ಬಿಸಿಲು ಏರುವ ಮೊದಲೇ ಮೈದಾನ ತುಂಬಿತು. ವೇದಿಕೆಯ ಮೇಲೆ ಮೇಡಂ, ಅವರ ಪಕ್ಕ ಮೈಕಿನ ಮುಂದೆ ಆಗ್ಲಿ ಸಾಹೇಬರು. ಹುಲ್ಲಿನ ಮೇಲೆ ಯಂತ್ರ, ಅದರೊಳಗೆ ರೆಕ್ಸಿನ್‌ನಲ್ಲಿ ಬಿಗಿದ ಭಾವ. ರೆಕ್ಕೆಗಳ ಬುಡಕ್ಕೆ ದಪ್ಪ ಹಗ್ಗ ಸುತ್ತಿ, ಅದರ ತುದಿಯನ್ನು ಇಪ್ಪತ್ತು ಮಂದಿ ಗುಮಾಸ್ತರ ಕೈಗೆ ಕೊಟ್ಟಿದ್ದರು. ಎಳೆದರೆ ಬುಗುರಿಯ ಹಾಗೆ ರೆಕ್ಕೆ ತಿರುಗಬೇಕು, ಹಿಂದಿನ ಕಾಲದಲ್ಲಿ ಹಾಗೇ ಮಾಡುತ್ತಿದ್ದರೆಂದು ಗೋಡೆಯ ಮೇಲಿನ ಹಳೆಯ ಫೋಟೋದಲ್ಲಿತ್ತು. ಯಂತ್ರ ಓಡಿಹೋಗದಿರಲಿ ಎಂದು ಕಟ್ಟಿಹಾಕುತ್ತಿರುವ ಚಿತ್ರ ಅದು ಎಂದು ಭಾವ ಹನ್ನೊಂದು ವರ್ಷ ಜನರಿಗೆ ಹೇಳಿಕೊಂಡು ಬಂದಿದ್ದರು.

ನಾನು ಕೊನೆಯ ಸಾಲಿನ ಹಿಂದೆ ಎದೆಯುಬ್ಬಿಸಿ ನಿಂತಿದ್ದೆ. ನನ್ನ ಮುಂದಿನ ಕುರ್ಚಿಯಲ್ಲಿ ಬೋಲ್ಟಜ್ಜ. ವಿಮಾನ ರಿಪೇರಿ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ನಮ್ಮ ಅಂಗಡಿಗೆ ಬಂದು ಹಳೆಯ ಬೋಲ್ಟುಗಳನ್ನು ಆರಿಸುತ್ತಾ ಕೂರುವುದೇ ಅವರಿಗೆ ಹೊತ್ತು ಕಳೆಯುವ ದಾರಿ. ಅವರು ಕಣ್ಣು ಕಿರಿದು ಮಾಡಿ ಯಂತ್ರವನ್ನು ನೋಡಿದರು.

“ಲೋ ಹುಡುಗ, ಆ ರೆಕ್ಕೆಗಳು ಯಾಕೆ ಜೋತುಬಿದ್ದಿಲ್ಲ?”

“ನಾನೇ ಅಜ್ಜ!” ಎಂದೆ. “ಕೀಲು ಲಡಲಡ ಅಂತಿದ್ವು. ನಾಲ್ಕನ್ನೂ ಬೆಸೆದುಬಿಟ್ಟೆ. ಆನೆ ಜೋತುಬಿದ್ರೂ ಅಲುಗಾಡಲ್ಲ.”

ಅಜ್ಜನ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. ಎಪ್ಪತ್ತೆಂಟು ವರ್ಷದ ಕೈ, ಇಕ್ಕಳದ ಹಾಗಿತ್ತು.

“ಅಯ್ಯೋ ಪಾಪಿ! ಮೇಲಿನ ರೆಕ್ಕೆಗೆ ಇಂಜಿನ್ನೇ ಇಲ್ಲ ಕಣೋ. ಗಾಳೀನೇ ಅದನ್ನ ತಿರುಗಿಸೋದು. ಗಾಡಿ ಮುಂದಕ್ಕೆ ಓಡ್ದಾಗ ಒಂದು ಕಡೆ ರೆಕ್ಕೆ ಗಾಳಿಗೆ ಎದುರು ಹೋಗುತ್ತೆ, ಅದು ಜೋರಾಗಿ ಎತ್ತುತ್ತೆ. ಇನ್ನೊಂದು ಕಡೇದು ಗಾಳಿ ಜೊತೆ ಹಿಂದಕ್ಕೆ ಹೋಗುತ್ತೆ, ಅದು ಸರಿಯಾಗಿ ಎತ್ತಲ್ಲ. ಒಂದು ಕಡೆ ಎತ್ತಿ ಇನ್ನೊಂದು ಕಡೆ ಎತ್ತದಿದ್ರೆ ಏನಾಗುತ್ತೆ?”

“ಮಗುಚುತ್ತೆ,” ಎಂದೆ. ಇದನ್ನು ಹೇಳಲು ಒಂಬತ್ತನೇ ಕ್ಲಾಸು ಬೇಕಿರಲಿಲ್ಲ.

“ಮೊದಲು ಇದನ್ನ ಕಟ್ಟಿದ ಸ್ಪೇನಿನವನು ಹಾಗೇ ಮಗುಚಿಕೊಂಡು ಸಾಕಾಗಿದ್ದ, ನೂರು ವರ್ಷದ ಹಿಂದೆ. ಅವನ ಪುಟ್ಟ ಮಾದರಿ ಮಾತ್ರ ಚೆನ್ನಾಗಿ ಹಾರ್ತಿತ್ತು. ಯಾಕೆ? ಅದರ ರೆಕ್ಕೆ ಬೆತ್ತದ್ದು, ಬಾಗ್ತಿತ್ತು. ಆಮೇಲೆ ಹೊಳೀತು ಅವನಿಗೆ. ದೊಡ್ಡದಕ್ಕೂ ಬುಡದಲ್ಲಿ ಕೀಲು ಹಾಕ್ದ. ಜೋರಾಗಿ ಎತ್ತೋ ರೆಕ್ಕೆ ತಾನೇ ಮೇಲೇಳುತ್ತೆ, ಸೋತಿದ್ದು ಕೆಳಗಿಳಿಯುತ್ತೆ, ಗಾಡಿ ನೆಟ್ಟಗಿರುತ್ತೆ. ಹೆಲಿಕಾಪ್ಟರ್ ಕಟ್ಟೋಕೆ ಒದ್ದಾಡ್ತಿದ್ದವರು ಆಮೇಲೆ ಆ ಕೀಲನ್ನೇ ತಗೊಂಡ್ರು. ಆ ಲಡಲಡ ಇದೆಯಲ್ಲ, ಅದೇ ಕಣೋ ವಿದ್ಯೆ! ನೀನು ವಿದ್ಯೇನೇ ಬೆಸೆದು ಕೂತಿದ್ದೀಯ!”

“ಮೊದ್ಲೇ ಹೇಳ್ಬಾರ್ದಿತ್ತಾ ಅಜ್ಜ?”

“ಓಡಿಸ್ತಾರೆ ಅಂತ ಕೇಳಿ ಮೂರು ಕಾಗದ ಬರೆದೆ, ಮುಟ್ಟೋ ಮೊದ್ಲು ನನ್ನ ಕರೀರಿ ಅಂತ. ಉತ್ತರಕ್ಕೆ ಏನು ಬಂತು ಗೊತ್ತಾ? ಈ ಕುರ್ಚಿಗೆ ಪಾಸು.”

ಗೊತ್ತಿದ್ದವನಿಗೆ ಕೊನೆಯ ಸಾಲು, ಗೊತ್ತಿಲ್ಲದವನಿಗೆ ಯಂತ್ರದ ಸೀಟು, ಏನೂ ಕೇಳದವನಿಗೆ ಮೈಕು. ನನಗೆ ಬಂದ ಸಿಟ್ಟಿಗೆ ಅಲ್ಲಿದ್ದ ಕುರ್ಚಿಗಳನ್ನೆಲ್ಲ ನೆಲಕ್ಕೇ ಬೆಸೆಯಬಹುದಿತ್ತು. ಆದರೆ ಬೆಸೆದವನು ನಾನು.

ಓಡಿದೆ. ಆಗ್ಲಿ ಸಾಹೇಬರು ಸಂಗ್ರಹಾಲಯದ ಇತಿಹಾಸ ಹೇಳುತ್ತಾ ಹದಿನೇಳನೇ ವರ್ಷಕ್ಕೆ ಬಂದಿದ್ದರು. ನಾನು ಮೆಟ್ಟಿಲು ಹತ್ತಿ ಅವರ ತೋಳು ಹಿಡಿದೆ. ಅವರು ಮೈಕಿಗೆ ಕೈ ಅಡ್ಡ ಇಟ್ಟರು.

“ಸಾರ್, ನಿಲ್ಸಿ! ಯಂತ್ರ ಮಗುಚುತ್ತೆ!”

“ಕಾರ್ಯಕ್ರಮ ಪಟ್ಟೀಲಿ ನಿನ್ನ ಹೆಸರಿಲ್ಲ.”

“ಮನುಷ್ಯ ಸಾಯ್ತಾನೆ ಸಾರ್!”

“ತಕರಾರಿದ್ರೆ ಬರೆದು ಕೊಡು.”

ಅವರ ಜೇಬಿನ ಪೆನ್ನನ್ನೇ ಕಿತ್ತುಕೊಂಡು ಕಾರ್ಯಕ್ರಮ ಪಟ್ಟಿಯ ಬೆನ್ನಿಗೆ ಬರೆದೆ: ‘ಕೀಲು ಬೆಸೆದಿದ್ದೇನೆ. ಮೊದಲಿನ ಆಟೋಗೈರೋ ಹಾಗೆ ಇದೂ ಮಗುಚುತ್ತದೆ. ಓಡಿಸಬೇಡಿ.’ ಅವರು ಓದಿದರು. ನಿಧಾನವಾಗಿ ಓದಿದರು.

“ತಾರೀಕು ಹಾಕಿಲ್ಲ.”

ತಾರೀಕು ಹಾಕಿದೆ. ಅಕ್ಷರ ಹಾಳೆ ಹರಿದು ಆಚೆ ಬಂತು.

“ಆಗ್ಲಿ,” ಎಂದು ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು. “ಕಾರ್ಯಕ್ರಮ ಮುಗಿದ ಮೇಲೆ ಮೇಡಂ ಗಮನಕ್ಕೆ ತರ್ತೀನಿ.” ಮತ್ತೆ ಮೈಕಿನತ್ತ ತಿರುಗಿ, “ಈಗ ಹಗ್ಗದವರು ಸಿದ್ಧರಾಗಬೇಕು!” ಎಂದರು.

ವೇದಿಕೆಯಿಂದ ಹಾರಿ ಯಂತ್ರದ ಹತ್ತಿರ ಓಡಿದೆ. ಭಾವನ ಮುಖ ಬೆವರಿನಲ್ಲಿ ಹೊಳೆಯುತ್ತಿತ್ತು.

“ಭಾವ, ಇಳೀರಿ! ಇದು ಮಗುಚುತ್ತೆ!”

“ಗೊತ್ತು,” ಎಂದರು ಭಾವ, ಬರೀ ಅಭ್ಯಾಸಬಲದಿಂದ. ಆಮೇಲೆ ನಾನು ಹೇಳಿದ್ದೇನೆಂದು ಅವರಿಗೆ ಅರ್ಥವಾಯಿತು.

“ಏನಂದೆ?”

“ಕೀಲು ಇರ್ಬೇಕಿತ್ತು ಭಾವ. ಕೊಡೆಯಲ್ಲ ಅದು. ಇಳೀರಿ ಬೇಗ!”

ಅವರು ವೇದಿಕೆಯ ಕಡೆ ನೋಡಿದರು. ಮೇಡಂ ಕೈಬೀಸಿದರು. ಮೇಡಂ ಮುಂದಿನ ಮೇಜಿನ ಮೇಲೆ ಒಂದು ಫೈಲಿತ್ತು, ಗಾಳಿಗೆ ಹಾರದಿರಲಿ ಎಂದು ಅದರ ಮೇಲೆ ನೀರಿನ ಲೋಟ ಇಟ್ಟಿದ್ದರು.

“ಹನ್ನೊಂದು ವರ್ಷ ಕಣೋ,” ಎಂದು ಪಿಸುಗುಟ್ಟಿದರು ಭಾವ. “ಒಂದೇ ಸುತ್ತು. ಮೆಲ್ಲಗೆ ಹೋಗ್ತೀನಿ.”

“ಮೆಲ್ಲಗೆ ಹೋಗೋದು ಹೇಗೆ ಅಂತ ಗೊತ್ತಾ ನಿಮಗೆ?”

ಅವರು ಬಾಯಿ ತೆರೆದರು. ಆ ಒಂದು ಮಾತು ಬಂದೇಬಿಡುತ್ತದೆ ಎಂದುಕೊಂಡೆ. ಬರಲಿಲ್ಲ. ಹಿಂದಿನಿಂದ “ಐಸಾ!” ಎಂದು ಇಪ್ಪತ್ತು ಗಂಟಲು ಕೂಗಿತು. ಹಗ್ಗ ಬಿಚ್ಚಿಕೊಳ್ಳುತ್ತಾ ರೆಕ್ಕೆಗಳು ನನ್ನ ನೆತ್ತಿಯ ಮೇಲೆ ತಿರುಗತೊಡಗಿದವು. ಪಂಪಿನವನು ಫ್ಯಾನನ್ನು ಜಗ್ಗಿ ತಿರುಗಿಸಿದ. ಇಂಜಿನ್ ಗುಡುಗಿತು. ಇನ್ನು ಮಾತು ಯಾರಿಗೆ ಕೇಳಬೇಕು?

ಭಾವನನ್ನು ಎಲ್ಲಿಂದ ಬೇಕಾದರೂ ಇಳಿಸಬಲ್ಲವಳು ಜಗತ್ತಿನಲ್ಲಿ ಒಬ್ಬಳೇ. ಹೆಂಗಸರ ಸಾಲಿಗೆ ಓಡಿದೆ.

“ಅಕ್ಕ, ಭಾವನ್ನ ಇಳ್ಸು! ನಾನು ಬೆಸೆದಿದ್ದು ತಪ್ಪು!”

ಏನು, ಎತ್ತ ಎಂದು ಅವಳು ಕೇಳಲಿಲ್ಲ. ಚೀಲ ಬಿಸಾಡಿ ಓಡಿದಳು. ಯಂತ್ರ ಆಗಲೇ ಹೊರಟಿತ್ತು. ಅಕ್ಕ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಅದರ ಬಾಲಕ್ಕೆ ಜೋತುಬಿದ್ದೆವು. ಹುಲ್ಲಿನ ಮೇಲೆ ನಮ್ಮ ಹಿಮ್ಮಡಿ ಎರಡು ಗೆರೆ ಎಳೆಯಿತು. ಜನ ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದ ಭಾಗ ಎಂದುಕೊಂಡರಂತೆ. ಟೈಲರಣ್ಣ ಮಾತ್ರ, “ಹೊಲಿಗೆ! ಹೊಲಿಗೆ!” ಎಂದು ಕಿರುಚುತ್ತಿದ್ದ.

“ರೀ, ನಿಲ್ಸ್ರೀ!” ಎಂದು ಅಕ್ಕ ಕೂಗಿದಳು.

ಭಾವ ಏನೋ ಒಂದನ್ನು ಎಳೆದರು. ಅದು ನಿಲ್ಲಿಸುವುದಲ್ಲ, ಜೋರು ಮಾಡುವುದು.

ಬಲಗಡೆಯ ಚಕ್ರ ನೆಲ ಬಿಟ್ಟಿತು. ಒಂದು ಗೇಣು. ಎರಡು ಗೇಣು. ನಾವಿಬ್ಬರೂ ಬಾಲದಿಂದ ಉದುರಿಬಿದ್ದೆವು. ಬೋಲ್ಟಜ್ಜ ಹೇಳಿದ್ದು ಹೇಳಿದಂತೆ, ಅಳತೆ ಹಿಡಿದಂತೆ, ಯಂತ್ರ ನಿಧಾನವಾಗಿ ಎಡಕ್ಕೆ ಒರಗಿತು. ರೆಕ್ಕೆಯ ತುದಿಗಳು ಒಂದಾದ ಮೇಲೊಂದು ನೆಲಕ್ಕೆ ಬಡಿದು ಮಣ್ಣು ಚಿಮ್ಮಿಸಿದವು. ಇಂಜಿನ್ ಒಮ್ಮೆ ಬಿಕ್ಕಿ ನಿಂತಿತು.

ಚಪ್ಪಾಳೆ ನಿಂತಿತು.

ನಾನು ಮೊದಲು ನೋಡಿದ್ದು ಬೆಸುಗೆಯನ್ನು. ದೇವರಾಣೆ ಹೇಳುತ್ತೇನೆ, ಕಣ್ಣು ತಾನಾಗಿ ಅಲ್ಲಿಗೇ ಹೋಯಿತು. ರೆಕ್ಕೆಗಳ ತುದಿ ಮೊಳದಷ್ಟು ಪುಡಿಯಾಗಿತ್ತು, ಬೆಸುಗೆ ನಾಲ್ಕರಲ್ಲಿ ಒಂದೂ ಬಿಟ್ಟಿರಲಿಲ್ಲ. ಒಳ್ಳೆಯ ಕೆಲಸ ಮಾಡಿದ್ದಕ್ಕೆ ಮೊದಲ ಬಾರಿಗೆ ನನಗೆ ಅಳು ಬಂತು.

“ರೀ...” ಎಂದಳು ಅಕ್ಕ. “ರೀ, ಮಾತಾಡಿ.” ಒಳಗೆ ಏನೂ ಅಲುಗಾಡಲಿಲ್ಲ. ಅಕ್ಕ ನನ್ನತ್ತ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿರುತ್ತಿತ್ತು.

ಅಷ್ಟರಲ್ಲಿ ಬೋಲ್ಟಜ್ಜ ಏದುಸಿರು ಬಿಡುತ್ತಾ ಬಂದು, ಮೇಲೆದ್ದು ನಿಂತಿದ್ದ ರೆಕ್ಕೆಯೊಂದನ್ನು ಮುಟ್ಟಿದರು.

ಒಳಗಿನಿಂದ ಕೆಮ್ಮು ಕೇಳಿಸಿತು.

ಸಾಯುವ ಮನುಷ್ಯನ ಕೆಮ್ಮಲ್ಲ ಅದು. ಕರ್ತವ್ಯದ ಕೆಮ್ಮು. ಅಕ್ಕ ನೆಲಕ್ಕೆ ಕುಸಿದು ಕೂತು, ಗಂಡನನ್ನು ನಾಲ್ಕು ದಿಕ್ಕಿಗೂ ಕೇಳುವ ಹಾಗೆ ಬೈಯತೊಡಗಿದಳು. ಭಾವನ ಎಡಭುಜದ ಮೂಳೆ ಮುರಿದಿತ್ತು, ಹಣೆ ಊದಿತ್ತು, ರೆಕ್ಸಿನ್ ಕುತ್ತಿಗೆಯಿಂದ ಸೊಂಟದವರೆಗೆ ಸೀಳಿತ್ತು. ಜೀವ ಗಟ್ಟಿಯಾಗಿತ್ತು.

“ನೂರು ವರ್ಷದ ಹಿಂದೆ ಹೀಗೇ ಮಗುಚಿದ್ದು! ಹೀಗೇ! ಎಡಗಡೆ ಎತ್ತೋ ಬಲ ಇಲ್ದೆ!” ಎಂದು ಅಜ್ಜ ವೇದಿಕೆಯ ಕಡೆ ಕೋಲು ಬೀಸಿ ಕಿರುಚಿದರು. ಅದು ಬೈಗುಳ. ಆದರೆ ಆಗ್ಲಿ ಸಾಹೇಬರ ಕಿವಿಗೆ ಅದು ಪಾರಾಗುವ ದಾರಿಯಾಗಿ ಬಿತ್ತು. ಅವರು ಜೇಬಿನಿಂದ ನನ್ನ ಚೀಟಿ ತೆಗೆದು ಬಿಡಿಸಿದರು, ಒಮ್ಮೆ ಓದಿದರು, ಗಂಟಲು ಸರಿಮಾಡಿಕೊಂಡರು.

“ಮಾನ್ಯರೇ! ಮೊಟ್ಟಮೊದಲ ಆಟೋಗೈರೋ ಮಗುಚಿದ ಐತಿಹಾಸಿಕ ಘಟನೆಯನ್ನು ತಾವು ಈಗಷ್ಟೇ ಕಣ್ಣಾರೆ ಕಂಡಿರಿ. ಇದಕ್ಕಾಗಿ ಕೀಲುಗಳನ್ನು ನಮ್ಮ ಕಚೇರಿಯ ಮೇಲ್ವಿಚಾರಣೆಯಲ್ಲಿ ವಿಶೇಷವಾಗಿ ಬೆಸೆಯಲಾಗಿತ್ತು!”

ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೈದಾನವೆಲ್ಲ ಎದ್ದು ನಿಂತಿತು. ಭಾವನನ್ನು ಸ್ಟ್ರೆಚರಿನಲ್ಲಿ ಒಯ್ಯುವಾಗ ಜನ ದಾರಿ ಬಿಟ್ಟು ನಿಂತರು. ಭಾವ ಬಲಗೈ ಎತ್ತಿ ಟಾಟಾ ಮಾಡಿದರು. ಸೀಳಿದ ರೆಕ್ಸಿನ್‌ನಲ್ಲಿ ಕೈ ಸಲೀಸಾಗಿ ಏಳುತ್ತಿತ್ತು.

ಮೂರು ವಾರಕ್ಕೆ ಯಂತ್ರವನ್ನು ಎತ್ತಿ ನಿಲ್ಲಿಸಿ, ರೆಕ್ಕೆಯ ತುದಿಗಳಿಗೆ ತೇಪೆ ಹಾಕಿ ಹಜಾರಕ್ಕೆ ತಂದರು. ಅದೇ ವಾರ ಆದೇಶವೂ ಬಂತು. ಭಾವ ಕೊರಳಿಗೆ ಕೈ ಕಟ್ಟಿಕೊಂಡೇ ಗಟ್ಟಿಯಾಗಿ ಓದಿದರು. ಸದರಿಯವರನ್ನು ಖಾಯಂಗೊಳಿಸಲಾಗಿದೆ. ಸದರಿಯವರು ಪ್ರತಿ ವಾರ್ಷಿಕೋತ್ಸವದಂದು ಸದರಿ ಯಂತ್ರವನ್ನು ಸಾರ್ವಜನಿಕರ ಎದುರು ಎಡಕ್ಕೆ ಮಗುಚತಕ್ಕದ್ದು. ಬೆಸುಗೆಯನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು.

“ನಿವೃತ್ತಿಗೆ ಇನ್ನೆಷ್ಟು ವರ್ಷ?” ಎಂದಳು ಅಕ್ಕ.

“ಹದಿನಾಲ್ಕು,” ಎಂದರು ಭಾವ ಹೆಮ್ಮೆಯಿಂದ.

ಅಕ್ಕ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು. ನನ್ನನ್ನು ನೋಡಿ, “ಕತ್ತರಿಸೋ ಮಿಷನ್ ತಗೊಂಡು ನಡಿ,” ಎಂದಳು.

ರಜೆಯ ದಿನ, ಹಜಾರದಲ್ಲಿ ಯಾರೂ ಇರಲಿಲ್ಲ. ನಾವು ಏಣಿ ಇಡುವಷ್ಟರಲ್ಲಿ ಭಾವ ಓಡಿಬಂದು, ನಮಗಿಂತ ಮೊದಲು ಹತ್ತಿ, ಇದ್ದ ಒಂದೇ ಒಳ್ಳೆಯ ಕೈಯಲ್ಲಿ ಕಂಬವನ್ನು ತಬ್ಬಿಕೊಂಡರು.

“ಮುಟ್ಟಿದ್ರೆ ನೋಡು! ಸರ್ಕಾರಿ ಬೆಸುಗೆ ಅದು! ಕೆಲಸ ಹೋಗುತ್ತೆ!”

“ಹೋಗ್ಲಿ,” ಎಂದಳು ಅಕ್ಕ. ಪ್ಲಗ್ಗು ಚುಚ್ಚಿದಳು.

ನಾನು ಯಂತ್ರದ ಇನ್ನೊಂದು ಬದಿಯಿಂದ ಹತ್ತಿ, ಅವರ ಮೊಣಕೈ ತಪ್ಪಿಸಿ, ಮೊದಲ ಕೀಲಿಗೆ ಮಿಷನ್ನಿನ ಚಕ್ರ ಒತ್ತಿದೆ. ಕಿಡಿ ಹಾರಿತು. ಭಾವ ಕಣ್ಣು ಮುಚ್ಚಿ “ಬೇಡ, ಬೇಡ,” ಎಂದು ಕೂಗುತ್ತಲೇ ಇದ್ದರು. ಕೈ ಮಾತ್ರ ಸ್ವಲ್ಪ ಸ್ವಲ್ಪವೇ ಸರಿದು ನನಗೆ ಜಾಗ ಬಿಡುತ್ತಿತ್ತು. ಕೊನೆಯ ಎಳೆ ಕಡಿದದ್ದೇ ತಡ, ರೆಕ್ಕೆ ಲಡಕ್ಕನೆ ಕೆಳಗೆ ಜೋತುಬಿತ್ತು.

ಮಿಷನ್ ನಿಲ್ಲಿಸಿದೆ. ಭಾವ ಒಂದು ಕಣ್ಣು ತೆರೆದರು. ಜೋತುಬಿದ್ದ ರೆಕ್ಕೆಯನ್ನು ನೋಡಿದರು, ಬಾಗಿಲ ಕಡೆ ನೋಡಿದರು, ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು.

“ಇನ್ನೂ ಮೂರಿವೆ. ಬೇಗ ಮಾಡೋ. ಯಾರಾದ್ರೂ ಕೇಳಿದ್ರೆ, ಭಾವ ಕೊನೇವರೆಗೂ ಬಿಡ್ಲಿಲ್ಲ ಅನ್ನು.”